‘ಹೊಡೆದನಾ?’ ಅಂತ ಮಾತ್ರ ಕೇಳಬೇಡಿ

ಮನೆಯಲ್ಲಿ ಹಿಂಸೆ ಆಗ್ತಿದೆ ಅಂತ ಯಾರಾದರೂ ಬಾಯಿ ಬಿಟ್ಟರೆ ನಾವು ಮೊದಲು ಕೇಳುವುದು, ‘ಹೊಡೆದನಾ?’ ಇಲ್ಲ ಅಂದರೆ ‘ಸ್ವಲ್ಪ ಹೊಂದಿಕೊಂಡು ಹೋಗು’ ಅಂದುಬಿಡುತ್ತೇವೆ. ಇದು ನನಗೆ ತುಂಬಾ ಸಂಕಟ ತರುವ ವಿಷಯ. ಒಂದು ಏಟೂ ಬೀಳದ ಮನೆಯಲ್ಲೂ ಒಬ್ಬರು ದಿನವಿಡೀ ಹೆದರಿಕೊಂಡೇ ಬದುಕುತ್ತಿರಬಹುದು.

ಸಂಬಳ ಬಂದ ತಕ್ಷಣ ಕಿತ್ತುಕೊಳ್ಳುವುದು, ಫೋನ್ ತೆಗೆದು ಯಾರ ಹತ್ತಿರ ಮಾತಾಡಿದೆ ಅಂತ ನೋಡುವುದು, ಗೆಳತಿಯರನ್ನು, ಒಡಹುಟ್ಟಿದವರನ್ನು ಒಬ್ಬೊಬ್ಬರಾಗಿ ದೂರ ಮಾಡಿಸುವುದು, ಏನು ಹಾಕಿಕೊಳ್ಳಬೇಕು, ಎಷ್ಟು ಹೊತ್ತಿಗೆ ಮನೆ ಸೇರಬೇಕು ಅನ್ನುವುದನ್ನೆಲ್ಲ ತಾನೇ ತೀರ್ಮಾನಿಸಿ ‘ಪ್ರೀತಿ ಜಾಸ್ತಿ, ಅದಕ್ಕೇ’ ಅನ್ನುವುದು. ಬಿಡಿಬಿಡಿಯಾಗಿ ನೋಡಿದರೆ ಸಣ್ಣದು ಅನಿಸುತ್ತದೆ, ಅಲ್ವಾ? 1980ರ ದಶಕದಲ್ಲಿ ಅಮೆರಿಕದ ಡುಲೂತ್‌ನಲ್ಲಿ, ಸಂಗಾತಿಯಿಂದ ಹಿಂಸೆ ಉಂಡ ಹೆಂಗಸರ ಮಾತು ಕೇಳಿ, ಇಂಥ ಹಿಂಸೆ ಹೇಗೆಲ್ಲ ನಡೆಯುತ್ತದೆ ಅಂತ ತೋರಿಸುವ ಒಂದು ಚಕ್ರದ ಚಿತ್ರ ಮಾಡಿದರು. ಅದರ ನಡುವೆ ಸಿಟ್ಟು ಇಲ್ಲ, ಅಧಿಕಾರ ಮತ್ತು ಹತೋಟಿ ಇದೆ. ಏಟು ಇರುವುದು ಹೊರಗಿನ ಸುತ್ತಿನಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಕಾನೂನು ಇಂಥ ಹತೋಟಿಯನ್ನೇ ಅಪರಾಧ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ‘ಸುಮಾರು ಮೂವರು ಹೆಂಗಸರಲ್ಲಿ ಒಬ್ಬರು’ ಅನ್ನುವ ಲೆಕ್ಕದಲ್ಲಿ ದೈಹಿಕ, ಲೈಂಗಿಕ ಹಿಂಸೆ ಮಾತ್ರ ಇದೆ, ಬರೀ ಹತೋಟಿಯಲ್ಲಿ ನಲುಗಿದವರು ಅದರಲ್ಲಿ ಸೇರಿಲ್ಲ. ಗಂಡಸರಿಗೂ ಇದು ಆಗುತ್ತದೆ, ಅವರು ಹೇಳಿಕೊಳ್ಳುವುದು ಇನ್ನೂ ಕಮ್ಮಿ.

ಒಂದನ್ನು ಮಾತ್ರ ಕೇಳಲೇಬೇಕು: ಕತ್ತು ಹಿಸುಕಿದ್ದು ಉಂಟಾ? ಒಂದು ಸಲ ಹಿಸುಕಿದವನ ಕೈಯಲ್ಲಿ ಮುಂದೆ ಕೊಲೆಯಾಗುವ ಅಪಾಯ ಹಲವು ಪಟ್ಟು ಹೆಚ್ಚು. ಹೊರಗೆ ಗುರುತು ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು, ತಡಮಾಡದೆ ಡಾಕ್ಟರ್ ಹತ್ತಿರ ಹೋಗಬೇಕು.

ಇನ್ನು ‘ಬಿಟ್ಟು ಬಂದುಬಿಡು’ ಅನ್ನುವವರಿಗೆ: ಬಿಟ್ಟು ಹೊರಡುವ ಹೊತ್ತು, ಹೊರಟ ಮೇಲಿನ ಕೆಲವು ತಿಂಗಳು, ಇವೇ ಹೆಚ್ಚು ಅಪಾಯದ ಸಮಯ, ಹತೋಟಿ ತಪ್ಪುತ್ತಿದೆ ಅಂತ ಆ ಕಡೆಯವರಿಗೆ ಗೊತ್ತಾಗುವುದೇ ಆಗ. ಅದಕ್ಕೇ ಮೊದಲು ಸಹಾಯವಾಣಿಯವರ ಜೊತೆ ಮಾತಾಡಿ ಯೋಜನೆ ಮಾಡಿಕೊಳ್ಳಬೇಕು. ಗುರುತಿನ ಚೀಟಿ, ಮಕ್ಕಳ ದಾಖಲೆ, ಔಷಧಿ, ಸ್ವಲ್ಪ ದುಡ್ಡು ನಂಬಿಕಸ್ತರ ಹತ್ತಿರ ಇರಲಿ. ಸಹಾಯ ಹುಡುಕುವುದು ಬೇರೆಯವರ ಫೋನ್‌ನಿಂದ ಆದರೆ ಒಳ್ಳೆಯದು. ಎಲ್ಲ ಪಾಸ್‌ವರ್ಡನ್ನೂ ಒಟ್ಟಿಗೇ ಬದಲಾಯಿಸಿದರೆ ಅನುಮಾನ ಬರುತ್ತದೆ. ಈಗಲೇ ಜೀವಭಯ ಇದ್ದರೆ ಯೋಜನೆಗೆ ಕಾಯದೆ ನೇರವಾಗಿ ಪೊಲೀಸರಿಗೆ ಫೋನ್ ಮಾಡಿ.

ನೀವು ಸ್ನೇಹಿತರಾಗಿದ್ದರೆ ಮೊದಲು ನಂಬಿ. ಯಾವ ಹೊತ್ತಿಗೆ ಫೋನ್ ಮಾಡಿದರೆ ತೊಂದರೆಯಿಲ್ಲ ಅಂತ ಕೇಳಿ. ದಯವಿಟ್ಟು ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸಲು ಹೋಗಬೇಡಿ. ಅಲ್ಲಿ ಆಡಿದ ಒಂದೊಂದು ಮಾತಿಗೂ ಹಿಂಸೆ ಅನುಭವಿಸುತ್ತಿರುವವರು ಮನೆಯಲ್ಲಿ ಬೆಲೆ ತೆರಬೇಕಾಗುತ್ತದೆ. ಹೊರಬಂದವರು ವಾಪಸ್ ಹೋಗಬಹುದು, ಹಾಗೆ ಹೋಗುವವರು ತುಂಬಾ ಜನ. ಆಗ ಬೈದು ಮಾತು ಬಿಟ್ಟರೆ, ಮುಂದಿನ ಸಲ ಹೊರಡಬೇಕು ಅನಿಸಿದಾಗ ಅವರಿಗೆ ಹೇಳಿಕೊಳ್ಳಲು ಇರುವವರಲ್ಲಿ ಒಬ್ಬರು ಕಮ್ಮಿಯಾಗುತ್ತಾರೆ.