ಬೆಳೆಗಾರರ ಸಭೆಗೆ ಭಾಷಣ ಕಟ್ಟುವ ಬಗೆ

ಓದುವವರಿಗೆ ಅರ್ಥವಾಗದ ಸಾಲಿಗೆ ಮರಳಿ ಹೋಗುವ ಅವಕಾಶವಿರುತ್ತದೆ; ಭಾಷಣ ಕೇಳುವವರಿಗೆ ಅದು ಇರುವುದಿಲ್ಲ. ಕೊಡಗಿನ ಕಾಫಿ ಬೆಳೆಗಾರರ ಸಭೆಗಳಲ್ಲಿ ತೋಟದ ನಿರ್ವಹಣೆಯ ಬಗ್ಗೆ ಮಾತನಾಡುವುದು ನನ್ನ ಉದ್ಯೋಗದ ಭಾಗ. ಮಾಹಿತಿ ಎಷ್ಟೇ ನಿಖರವಾಗಿದ್ದರೂ ಕಿವಿಗೆ ಒಗ್ಗುವ ಕ್ರಮದಲ್ಲಿ ಬಾರದಿದ್ದರೆ ಅದು ಸಭಾಭವನದಿಂದ ತೋಟದವರೆಗೆ ತಲುಪುವುದಿಲ್ಲ ಎಂಬುದನ್ನು ಈ ಕೆಲಸ ನನಗೆ ಕಲಿಸಿದೆ. ಆದ್ದರಿಂದ ತಯಾರಿಯ ಹೆಚ್ಚಿನ ಸಮಯವನ್ನು ನಾನು ಮಾಹಿತಿ ಕೂಡಿಹಾಕುವುದಕ್ಕಿಂತ ಅದನ್ನು ಜೋಡಿಸುವುದಕ್ಕೆ ಮೀಸಲಿಡುತ್ತೇನೆ.

ಮೊದಲು ಬರೆದುಕೊಳ್ಳುವುದು ಭಾಷಣದ ಕೊನೆಯ ವಾಕ್ಯವನ್ನು, ಅಂದರೆ ಕೇಳಿದವರು ಮನೆಗೆ ಹೋದ ಮೇಲೆ ಮಾಡಬೇಕಾದ ಕೆಲಸವನ್ನು. ‘ಏಪ್ರಿಲ್‌ಗೆ ಮುಂಚೆ ಅರೇಬಿಕಾ ಗಿಡಗಳ ಕಾಂಡವನ್ನು ಒಂದೊಂದಾಗಿ ನೋಡಿ, ಬೋರರ್ ಹೊಕ್ಕ ಗಿಡಗಳನ್ನು ಕಿತ್ತು ಸುಡಬೇಕು’ ಎಂಬುದು ಅಂತಹ ಒಂದು ವಾಕ್ಯ. (ಅರೇಬಿಕಾ ಕಾಫಿಯ ಒಂದು ಬಗೆ; ಬೋರರ್ ಎಂದರೆ ಅದರ ಕಾಂಡ ಕೊರೆಯುವ ಕೀಟ.) ಅದು ಸ್ಪಷ್ಟವಾದ ಬಳಿಕ, ಅದಕ್ಕೆ ನೆರವಾಗದ ಸಂಗತಿ ಎಷ್ಟೇ ಸ್ವಾರಸ್ಯಕರವಾಗಿದ್ದರೂ ಆ ದಿನದ ಭಾಷಣದಲ್ಲಿ ಅದಕ್ಕೆ ಜಾಗವಿಲ್ಲ.

ಜೋಡಣೆಯ ನಿಜವಾದ ಪ್ರಶ್ನೆ ಬರುವುದು ನಡುವಿನ ಭಾಗದಲ್ಲಿ. ಈ ಬೋರರ್, ಅಂದರೆ ಬಿಳಿ ಕಾಂಡಕೊರಕದ ಬಗ್ಗೆ ಪಠ್ಯಪುಸ್ತಕಗಳು ಕೀಟದ ಹೆಸರು, ಜೀವನಚಕ್ರ, ಹಾನಿಯ ಲಕ್ಷಣ, ಹತೋಟಿ ಎಂಬ ಕ್ರಮವನ್ನು ಅನುಸರಿಸುತ್ತವೆ. ವಿದ್ಯಾರ್ಥಿಗೆ ಅದು ಸರಿ. ಬೆಳೆಗಾರರ ಅನುಭವ ಆರಂಭವಾಗುವುದು ಮಾತ್ರ ಬೇರೆ ಕಡೆಯಿಂದ: ಎಲೆ ಹಳದಿಯಾಗಿ ಬಾಡುತ್ತಿರುವ ಗಿಡ, ಅದರ ಕಾಂಡದ ಮೇಲೆ ಉಬ್ಬಿ ನಿಂತ ಗೆರೆಗಳು. ಅವರು ಈಗಾಗಲೇ ಕಂಡಿರುವ ಆ ಗಿಡದಿಂದಲೇ ನಾನು ಮಾತು ತೊಡಗುತ್ತೇನೆ. ಒಳಗೆ ಮರಿಹುಳು ಸುರಂಗ ಕೊರೆದಿರುವುದರಿಂದ ಹೀಗಾಗಿದೆ ಎಂಬುದು ಎರಡನೆಯ ಹೆಜ್ಜೆ. ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕುಗಳಲ್ಲಿ ಹೆಣ್ಣು ದುಂಬಿ ಮೊಟ್ಟೆಯಿಡುತ್ತದೆ ಎಂಬುದು ಮೂರನೆಯದು. ದುಂಬಿ ಹೊರಬಂದು ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ಅವಧಿಗಳಲ್ಲಿ ಎಂಬುದು ನಾಲ್ಕನೆಯದು. ಇಷ್ಟು ಮನಸ್ಸಿಗೆ ಇಳಿದ ಮೇಲೆ, ನೆರಳನ್ನು ಏಕೆ ಉಳಿಸಿಕೊಳ್ಳಬೇಕು, ರೋಗಿಷ್ಠ ಗಿಡಗಳನ್ನು ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲೇ ಏಕೆ ಗುರುತಿಸಬೇಕು, 200 ಲೀಟರ್ ನೀರಿಗೆ 20 ಕಿಲೋ ಸುಣ್ಣ ಬೆರೆಸಿ ಕಾಂಡಕ್ಕೆ ಏಕೆ ಬಳಿಯಬೇಕು ಎಂಬುದನ್ನು ಪ್ರತ್ಯೇಕವಾಗಿ ವಾದಿಸಬೇಕಾಗಿಲ್ಲ. ಕಾರಣಗಳಿಂದಲೇ ಪರಿಹಾರ ಹುಟ್ಟಿಬರುವಂತೆ ಜೋಡಿಸಿದಾಗ ಕೇಳುಗರು ಬಾಯಿಪಾಠ ಮಾಡಬೇಕಾದುದು ಬಹಳ ಕಡಿಮೆಯಾಗುತ್ತದೆ.

ಈ ವಿಚಾರ ಹೊಸದೇನಲ್ಲ. ಭಾಷಣಕಲೆಯ ಐದು ಅಂಗಗಳನ್ನು ಹೇಳಿದ ಪ್ರಾಚೀನ ರೋಮಿನ ವಾಗ್ಮಿ ಸಿಸೆರೊ, ವಿಷಯವನ್ನು ಹುಡುಕಿಕೊಂಡ ನಂತರದ ಸ್ಥಾನವನ್ನು ಜೋಡಣೆಗೇ ಕೊಟ್ಟನು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಅಲನ್ ಮನ್ರೋ 1930ರ ದಶಕದಲ್ಲಿ ರೂಪಿಸಿದ ಐದು ಹಂತಗಳು ನನ್ನ ಕೆಲಸಕ್ಕೆ ಇನ್ನೂ ಹತ್ತಿರದವು: ಗಮನ ಸೆಳೆಯುವುದು, ಕೊರತೆಯನ್ನು ಮನಗಾಣಿಸುವುದು, ಪರಿಹಾರ ಕೊಡುವುದು, ಅದರ ಫಲವನ್ನು ಕಣ್ಣಿಗೆ ಕಟ್ಟುವಂತೆ ಚಿತ್ರಿಸುವುದು, ಕಾರ್ಯಕ್ಕೆ ಕರೆಯುವುದು. ನಾಲ್ಕನೆಯ ಹಂತವನ್ನು ನಮ್ಮಲ್ಲಿ ಅನೇಕರು ಬಿಟ್ಟೇಬಿಡುತ್ತಾರೆ ಎಂಬುದು ನನ್ನ ಅನಿಸಿಕೆ. ಮೊದಲ ಹಂತದ ಬಗ್ಗೆ ಮಾತ್ರ ಕೊಡಗಿನಲ್ಲಿ ಎಚ್ಚರ ಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ತೋಟ, ಮನೆ ಕಳೆದುಕೊಂಡವರು ಎದುರಿಗೆ ಕುಳಿತಿರುವ ಸಭೆಯಲ್ಲಿ ನಷ್ಟದ ವರ್ಣನೆಯಿಂದ ಗಮನ ಸೆಳೆಯಲು ನಾನು ಎಂದೂ ಒಪ್ಪುವುದಿಲ್ಲ.

ಒಂದೇ ಚೌಕಟ್ಟು ಎಲ್ಲ ಊರಿಗೂ ಹೊಂದುವುದಿಲ್ಲ. ಸೋಮವಾರಪೇಟೆಯ ಕಡೆ ಅರೇಬಿಕಾ ಹೆಚ್ಚಿರುವುದರಿಂದ ಕಾರಣದಿಂದ ಪರಿಹಾರಕ್ಕೆ ನಡೆಯುವ ಮೇಲಿನ ಕ್ರಮ ಅಲ್ಲಿಗೆ ಸರಿ. ಗೋಣಿಕೊಪ್ಪದ ಸುತ್ತ ಕಾಫಿಯ ಇನ್ನೊಂದು ಬಗೆಯಾದ ರೋಬಸ್ಟಾ ಪ್ರಧಾನ. ಬೋರರ್ ಅಲ್ಲಿನ ಮುಖ್ಯ ಚಿಂತೆಯಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಫೆಬ್ರವರಿ–ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್‌ನಿಂದ ನೀರು ಕೊಡುವುದು, ಆಮೇಲೆ ಬ್ಯಾಕಿಂಗ್, ಅಂದರೆ ಹೂ ಅರಳಿದ ನಂತರದ ಎರಡನೆಯ ನೀರು ಕೊಡುವುದು ಮುಂತಾದ ವಿಷಯಗಳಿಗೆ ತಿಂಗಳ ಅನುಕ್ರಮವೇ ಸಹಜ. ಜೊತೆಗೆ ತೋಟದ ಮಾಲೀಕರು, ಲೆಕ್ಕಪತ್ರ ನೋಡುವ ರೈಟರ್‌ಗಳು, ಮೇಸ್ತ್ರಿಗಳು ಒಂದೇ ಸಭೆಯಲ್ಲಿರುತ್ತಾರೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ ಆಡುವವರಿಗೆ ನಾನು ಕನ್ನಡದಲ್ಲಿ ಹೇಳುತ್ತಿರುತ್ತೇನೆ. ಹೀಗಾಗಿ ವಾಕ್ಯಗಳು ಚಿಕ್ಕದಾಗಿರಬೇಕು, ಒಂದು ಭಾಗ ಮುಗಿದು ಇನ್ನೊಂದು ಆರಂಭವಾಗುವಾಗ ಅದನ್ನು ಬಾಯಿಬಿಟ್ಟು ಹೇಳಬೇಕು: ‘ಗಿಡ ಏಕೆ ಸಾಯುತ್ತದೆ ಎಂದು ನೋಡಿದೆವು, ಇನ್ನು ಅದನ್ನು ಯಾವಾಗ ತಡೆಯಬೇಕು ಎಂದು ನೋಡೋಣ.’ ಬರಹದಲ್ಲಿ ಅನಗತ್ಯವೆನಿಸುವ ಇಂತಹ ಕೊಂಡಿಗಳು ಭಾಷಣಕ್ಕೆ ಅತ್ಯಗತ್ಯ.

ವೇದಿಕೆಯ ಮೇಲಿರುವ ಪ್ರತಿಯೊಬ್ಬರ ಹೆಸರನ್ನೂ ಹೇಳಿ ವಂದಿಸುವ ರೂಢಿ, ಕೇಳುಗರು ಅತ್ಯಂತ ಎಚ್ಚರವಾಗಿರುವ ಮೊದಲ ನಿಮಿಷಗಳನ್ನು ನುಂಗಿಬಿಡುತ್ತದೆ. ಎಲ್ಲರಿಗೂ ಸೇರಿ ಒಂದು ಗೌರವದ ವಂದನೆ ಸಾಕು. ಅಧ್ಯಕ್ಷರ ಮಾತು ಲಂಬಿಸಿ ನಮಗೆ ಸಿಗುವ ಸಮಯ ಅರ್ಧವಾಗುವುದೂ ಸಾಮಾನ್ಯವಾದ್ದರಿಂದ, ಯಾವ ಉದಾಹರಣೆಗಳನ್ನು ಬಿಡಬಹುದು ಎಂದು ಟಿಪ್ಪಣಿಯ ಅಂಚಿನಲ್ಲಿ ಮೊದಲೇ ಗುರುತು ಹಾಕಿಕೊಳ್ಳುತ್ತೇನೆ. ಕೊನೆಯ ಭಾಗವನ್ನು ಮಾತ್ರ ಮೊಟಕುಗೊಳಿಸುವುದಿಲ್ಲ. ಪ್ರಶ್ನೋತ್ತರವನ್ನು ಮುಕ್ತಾಯದ ಮಾತಿಗೆ ಮುಂಚೆಯೇ ಇಟ್ಟುಕೊಳ್ಳುತ್ತೇನೆ. ಇಲ್ಲವಾದರೆ ಗೊಬ್ಬರದ ಸಬ್ಸಿಡಿಯ ಬಗ್ಗೆ ಯಾರೋ ಕೇಳಿದ ಪ್ರಶ್ನೆಯೇ ಸಭೆಯ ಕೊನೆಯ ಮಾತಾಗಿಬಿಡುತ್ತದೆ. ಮುದ್ರಿತ ಕರಪತ್ರವನ್ನು ಎಲ್ಲ ಮುಗಿದ ಮೇಲೆ, ಬಾಗಿಲ ಬಳಿ ಹಂಚಿಸುತ್ತೇನೆ. ಮುಂಚೆಯೇ ಕೊಟ್ಟರೆ ಜನ ಓದುವುದರಲ್ಲಿ ಮುಳುಗಿ ಕೇಳುವುದನ್ನು ಬಿಡುತ್ತಾರೆ.