ಮಾರ್ಚ್ ತಿಂಗಳ ಮಂಜುಗಡ್ಡೆ, ಹೊಳೆಯ ಬಾಯಿ, ವಾಲೈ ಮೀನು

ಅಮೆರಿಕದ ಮಿನೆಸೋಟದ ಒಳನಾಡಿನ ಸರೋವರಗಳಲ್ಲಿ ವಾಲೈ ಎಂಬ ಸಿಹಿನೀರಿನ ಮೀನು ಹಿಡಿಯುವ ಹಂಗಾಮು ಫೆಬ್ರುವರಿಯ ಕೊನೆಯ ಭಾನುವಾರಕ್ಕೆ ಮುಗಿಯುತ್ತದೆ. ಕೆನಡಾ ಗಡಿಯ ಲೇಕ್ ಆಫ್ ದಿ ವುಡ್ಸ್ ಸರೋವರದಲ್ಲಿ ಮಂಜುಗಡ್ಡೆಗೆ ತೂತು ಕೊರೆದು ಹಿಡಿಯಲು ಏಪ್ರಿಲ್ 14ರವರೆಗೂ ಅವಕಾಶವಿದೆ. ಆದರೆ ಹಳೆಯ ಲೈಸೆನ್ಸು ಫೆಬ್ರುವರಿಯ ಕೊನೆಗೇ ಮುಗಿದಿರುತ್ತದೆ. ಮಾರ್ಚ್ 1ರಿಂದ ಹೊಸದು ಬೇಕು, ಬಹಳ ಜನ ಮರೆಯುವುದು ಇದನ್ನೇ.

ಈ ಹೊತ್ತಿಗೆ ಮೊಟ್ಟೆ ತುಂಬಿಕೊಂಡ ಹೆಣ್ಣು ಮೀನುಗಳು ರೇನಿ ನದಿ ಬಂದು ಸೇರುವ ಕಡೆಗೆ ಸರಿಯತೊಡಗುತ್ತವೆ. ಚಳಿಗಾಲದ ನಡುವೆ ಸರೋವರದ ಬಿಗ್ ಟ್ರಾವರ್ಸ್ ಕೊಲ್ಲಿಯ ಕೆಸರುತಳದಲ್ಲಿ, 28ರಿಂದ 35 ಅಡಿ ಆಳದಲ್ಲಿ ಇದ್ದವು ಈಗ ಪೈನ್ ಐಲೆಂಡ್ ಎದುರು, ಲೈಟ್‌ಹೌಸ್ ಗ್ಯಾಪ್ ಹೊರಗೆ 15–25 ಅಡಿಯಲ್ಲೂ ಸಿಗುತ್ತವೆ. ತೊಂದರೆ ಇರುವುದೂ ಇಲ್ಲೇ. ಮೀನು ಎಲ್ಲಿ ಬಂದು ಸೇರುತ್ತದೋ, ಹರಿವಿನಿಂದಾಗಿ ಗಡ್ಡೆ ಸವೆಯುವುದೂ ಅಲ್ಲೇ ಮೊದಲು. ಇನ್ನೊಂದು ಮಾತು: ನದಿಯ ಬಾಯಲ್ಲಿರುವ ಫೋರ್ ಮೈಲ್ ಬೇ ಕೊಲ್ಲಿ ಮತ್ತು ನದಿಯೊಳಗೆ ಮಾರ್ಚ್ 1ರಿಂದ ಹಿಡಿದ ವಾಲೈಯನ್ನೆಲ್ಲ ವಾಪಸು ಬಿಡಬೇಕು. ಮನೆಗೆ ಒಯ್ಯುವ ಆಸೆಯಿದ್ದರೆ ಸರೋವರದಲ್ಲೇ ಕೂರಿ.

ಹೊಸ, ತಿಳಿಯಾದ ಗಡ್ಡೆ 4 ಇಂಚು ಇದ್ದರೆ ನಡೆಯಬಹುದು ಎಂಬುದು ಡಿಸೆಂಬರಿನ ಲೆಕ್ಕ. ಮಾರ್ಚ್ ಕೊನೆಯಲ್ಲಿ 25 ಇಂಚು ತೋರಿಸಿದರೂ ಆ ಅಂಕಿಯನ್ನು ನಂಬುವಂತಿಲ್ಲ. ಬಿಸಿಲು ಒಳಗಿಳಿದು ಹರಳುಗಳ ನಡುವಿನ ಅಂಚುಗಳನ್ನು ಕರಗಿಸುತ್ತದೆ. ಗಡ್ಡೆ ತೆಳುವಾಗದೆಯೇ ನೆಟ್ಟಗೆ ಜೋಡಿಸಿಟ್ಟ ಮೇಣದಬತ್ತಿಗಳ ಕಟ್ಟಿನಂತಾಗುತ್ತದೆ. ನೋಡಲು ದಪ್ಪ, ಕಾಲಿಟ್ಟರೆ ಬಿಡಿಬಿಡಿ. ಮೇಲಿನ ಹಿಮ ನೆನೆದು ಹೆಪ್ಪುಗಟ್ಟಿದ ಬಿಳಿ ಗಡ್ಡೆಗಂತೂ ಮೊದಲಿಂದಲೂ ತಿಳಿ ಗಡ್ಡೆಯ ಅರ್ಧದಷ್ಟೇ ಬಲ.

ಪರೀಕ್ಷೆಗೆ ಹಾರೆಯೇ ಸರಿ. ಗಟ್ಟಿ ಗಡ್ಡೆಗೆ ಕುಟ್ಟಿದರೆ ಠಣ್ಣೆಂದು ಚೂರು ಹಾರುತ್ತದೆ. ಕೊಳೆತದ್ದಕ್ಕೆ ಕುಟ್ಟಿದರೆ ಬೊದ್ದು ಸದ್ದು, ಕಡ್ಡಿಕಡ್ಡಿಯಾಗಿ ಬಿಡುತ್ತದೆ, ನೀರು ಜಿನುಗುತ್ತದೆ. ಹಾಗಾದ ಕಡೆಯಿಂದ ಬಂದ ಹೆಜ್ಜೆಯಲ್ಲೇ ಹಿಂದಿರುಗಿ. ದಡದಂಚು ಬೇಗ ಕರಗುವುದರಿಂದ ಬೆಳಗಿನ ಚಳಿಯಲ್ಲಿ ದಾಟಿದ ಜಾಗ ಮಧ್ಯಾಹ್ನ ಮೂರಕ್ಕೆ ದಾಟುವಂತಿರುವುದಿಲ್ಲ. ಮೀನಿಗಾಗಿ ಕೊರೆದ ಹಳೆಯ ತೂತುಗಳೂ ಅಪಾಯವೇ. ಕರಗಿದ ನೀರು ಸುಳಿಯಾಗಿ ಅವುಗಳೊಳಗೆ ಇಳಿಯುತ್ತ 10 ಇಂಚಿನ ತೂತನ್ನು ಇನ್ನಷ್ಟು ಅಗಲ ಮಾಡುತ್ತದೆ. ರಾತ್ರಿ ಮೇಲೊಂದು ತೆಳು ಪೊರೆ ಕಟ್ಟಿ ಮುಚ್ಚಿಕೊಳ್ಳುತ್ತದೆ. ಲೈಫ್ ಜಾಕೆಟ್ ಮೈಮೇಲಿರಲಿ, ಗಡ್ಡೆಗೆ ಚುಚ್ಚಿ ಮೇಲೇಳುವ ಮೊಳೆಹಿಡಿಗಳು ಕೊರಳಲ್ಲಿರಲಿ. ಚೀಲದೊಳಗಿದ್ದರೆ ಎರಡೂ ದಂಡ.

ಗಡ್ಡೆ ಕೊರೆಯುವ ಬೈರಿಗೆ 8 ಇಂಚಿನದು ಸಾಕು, ಆದರೆ ಮೊಟ್ಟೆ ತುಂಬಿದ 28 ಇಂಚಿನ ಹೆಣ್ಣು ಮೀನಿಗೆ 10 ಇಂಚಿನದಿದ್ದರೆ ಅನುಕೂಲ. ಗಡ್ಡೆ ಇನ್ನೂ ದಪ್ಪವಿದ್ದರೆ ಉದ್ದಿಸುವ ತುಂಡನ್ನೂ ಒಯ್ಯಿರಿ. ಇಲ್ಲದಿದ್ದರೆ ನೀರು ಸಿಗುವ ಮೊದಲೇ ಬೈರಿಗೆ ಮುಗಿಯುತ್ತದೆ. ತೂತಿನ ಕೆಳಬಾಯಿಯ ಅಂಚನ್ನು ಬೈರಿಗೆ ಏರಿಸಿ ಇಳಿಸಿ ನಯ ಮಾಡಿ. ದೊಡ್ಡ ಮೀನು ತಿರುಗಿದಾಗ ದಾರ ಕಡಿಯುವುದು ಬಹುಪಾಲು ಆ ಅಂಚಿನಲ್ಲೇ.

ಒಬ್ಬರಿಗೆ ಎರಡು ಗಾಳ. ಒಂದನ್ನು ಆಡಿಸುವುದು, ಒಂದನ್ನು ಸುಮ್ಮನೆ ಇಡುವುದು. ಆಡಿಸುವುದಕ್ಕೆ 3.5ರಿಂದ 7 ಗ್ರಾಂ ಚಮಚೆ ಗಾಳ, ಕೊಕ್ಕೆಗೆ ಎಮರಾಲ್ಡ್ ಶೈನರ್ ಮೀನಿನ ತಲೆ. ಇಲ್ಲಿನ ನೀರು ಚಹಾ ಬಣ್ಣದ್ದು, ಹಾಗಾಗಿ ಚಿನ್ನದ ಬಣ್ಣ, ಗುಲಾಬಿ, ಕಿತ್ತಳೆ, ಕತ್ತಲಲ್ಲಿ ಹೊಳೆಯುವವು ಬೆಳ್ಳಿಗಿಂತ ವಾಸಿ. ಒಂದಡಿ ಎತ್ತಿ, ಬಿಟ್ಟು, ಐದಾರು ಸೆಕೆಂಡು ಅಲುಗಿಸದೆ ಇರಿ. ನೀರಡಿಯ ಮೀನನ್ನು ಗೆರೆಯಾಗಿ ತೋರಿಸುವ ಸೋನಾರಿನಲ್ಲಿ ಆ ಗೆರೆ ಮೇಲೇರಿ ಬಂದರೆ ಗಾಳವನ್ನು ನಿಧಾನವಾಗಿ ಮೇಲಕ್ಕೆ ಸರಿಸಿ, ಕೆಳಗೆ ಬಿಡಬೇಡಿ. ವಾಲೈ ಮೇಲೆ ನೋಡಿ ಬೆನ್ನಟ್ಟುವ ಮೀನು.

ಸುಮ್ಮನೆ ಇಡುವ ಗಾಳಕ್ಕೆ ಮೆತ್ತನೆ ತುದಿಯ ಕೋಲು, 6 ಪೌಂಡ್ ದಾರ, ಬರಿಯ ಕೊಕ್ಕೆ, ಒಂದಡಿ ಮೇಲೆ ಸೀಸದ ಗುಂಡು. ಜೀವಂತ ಫ್ಯಾಟ್‌ಹೆಡ್ ಮೀನಿನ ಮರಿಯನ್ನು ಬೆನ್ನಿನ ರೆಕ್ಕೆಯ ಕೆಳಗೆ ಚುಚ್ಚಿ, ತಳದಿಂದ 6–12 ಇಂಚು ಮೇಲೆ ನಿಲ್ಲಿಸಿ. ತುದಿ ಬಾಗಿದ ಕೂಡಲೇ ಎಳೆದರೆ ಬರುವುದು ಅರ್ಧ ಮರಿ ಮಾತ್ರ. ಕೋಲು ಭಾರ ಹೊರುವ ತನಕ ತಡೆದು ಎತ್ತಿ. ಹೆಣೆದ ದಾರ ಬಯಲಲ್ಲಿ ನೀರು ಹೀರಿ ಮಂಜುಗಟ್ಟುತ್ತದೆ, ಅದನ್ನು ಗುಡಾರದೊಳಗೆ ಇಟ್ಟುಕೊಳ್ಳಿ.

ಮೀನು ಬಂದು ನೋಡಿ ಹಿಂದಿರುಗುತ್ತಿದ್ದರೆ ಬಣ್ಣ ಬದಲಿಸುವ ಮೊದಲು ಗಾತ್ರ ಇಳಿಸಿ. ಏನೂ ಬಾರದಿದ್ದರೆ ಸೋನಾರಿನ ಮೇಲ್ಭಾಗ ನೋಡಿ. ಈ ತಿಂಗಳಲ್ಲಿ ವಾಲೈ ತಳದಿಂದ ಐದೋ ಎಂಟೋ ಅಡಿ ಮೇಲೆ ತೇಲುವುದುಂಟು, ತಳವನ್ನೇ ನೋಡುತ್ತ ಕೂತವರು ಖಾಲಿ ಕೈ.

ವಾಲೈ ಮತ್ತು ಅದರ ಹತ್ತಿರದ ಜಾತಿಯ ಸಾಗರ್ ಮೀನು ಸೇರಿ ಒಬ್ಬರಿಗೆ ಆರು, ಅದರಲ್ಲಿ ವಾಲೈ ನಾಲ್ಕಕ್ಕೆ ಮೀರಬಾರದು. 19.5ರಿಂದ 28 ಇಂಚಿನೊಳಗಿನ ವಾಲೈಯನ್ನು ಬಿಡಲೇಬೇಕು, 28ಕ್ಕಿಂತ ದೊಡ್ಡದು ಒಂದೇ. ಈ ವರ್ಷದ ನಿಯಮ ಪುಸ್ತಕ ಒಮ್ಮೆ ನೋಡಿಕೊಳ್ಳಿ. ಬಾಲದ ಕೆಳತುದಿ ಬಿಳಿಯಿದ್ದರೆ ವಾಲೈ, ಬೆನ್ನ ರೆಕ್ಕೆಯಲ್ಲಿ ಸಾಲು ಚುಕ್ಕೆಯಿದ್ದರೆ ಸಾಗರ್. ಬಿಡುವ ಮೀನನ್ನು ಗಡ್ಡೆಯ ಮೇಲೆ ಮಲಗಿಸಿ ಫೋಟೊ ತೆಗೆಯುವವರಿದ್ದಾರೆ. ಚಳಿಗೆ ಕಣ್ಣು, ಕಿವಿರು ಹೆಪ್ಪುಗಟ್ಟುತ್ತವೆ. ಒದ್ದೆ ಕೈಯಲ್ಲಿ ಅಡ್ಡಕ್ಕೆ ಹಿಡಿದು, ಕೊಕ್ಕೆ ಬಿಡಿಸಿ, ತಲೆ ಮುಂದಾಗಿ ತೂತಿಗೆ ಇಳಿಸಿ. 30 ಅಡಿಗಿಂತ ಆಳದಿಂದ ಎಳೆದದ್ದು ಗಾಳಿಚೀಲ ಉಬ್ಬಿ ಬದುಕದೇ ಹೋಗಬಹುದು, ಹಾಗಾಗಿ ಬಿಡುವ ಲೆಕ್ಕದಲ್ಲಿ ಹಿಡಿಯುವವರು ಅಷ್ಟು ಆಳಕ್ಕೆ ಹೋಗದಿರುವುದೇ ಸರಿ.

ಗಡಿ ನೀರಿನಲ್ಲಿ ಮೀನು ಹಿಡಿಯಲು ಗಡ್ಡೆಯ ಮೇಲೆ ಇಟ್ಟ ಪುಟ್ಟ ಮನೆಗಳನ್ನು ಮಾರ್ಚ್ 31ರೊಳಗೆ ತೆಗೆಯಬೇಕು. ಮನೆಯ ಕೆಳಗೆ ಕೊಟ್ಟ ಮರದ ದಿಮ್ಮಿಗಳು ನೆನೆದು ಹೆಪ್ಪುಗಟ್ಟಿರುತ್ತವೆ. ಕೊನೆಯ ದಿನಕ್ಕೆ ಉಳಿಸಿಕೊಳ್ಳದೆ ವಾರ ಮೊದಲೇ ಹಾರೆ ಹಾಕಿ ಸಡಿಲಿಸಿಡಿ.