ಶೀಟ್ ಹೊದಿಸಿದ ಮಾತ್ರಕ್ಕೆ ಧೂಳು ನಿಲ್ಲೋದಿಲ್ಲ

ಬೆಂಗಳೂರಿನ ಅಂಚಿನಲ್ಲಿರುವ ಒಂದು ಆರ್‌ಎಂಸಿ (ರೆಡಿ ಮಿಕ್ಸ್ ಕಾಂಕ್ರೀಟ್) ಪ್ಲಾಂಟಿನಲ್ಲಿ ನಾನು ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಪ್ಲಾಂಟ್ ಹಾಕಿದಾಗ ಸುತ್ತ ರಾಗಿ ಹೊಲ, ನೀಲಗಿರಿ ತೋಪು. ಈಗ ಕಾಂಪೌಂಡ್ ದಾಟಿದರೆ ಅಪಾರ್ಟ್‌ಮೆಂಟ್. ಒಣಹಾಕಿದ ಬಟ್ಟೆ ಮೇಲೆ ಬೂದು ಪುಡಿ ಕೂತರೆ ಯಾರು ತಾನೇ ಸುಮ್ನಿರ್ತಾರೆ? ದೂರು ಹೋಯಿತು. ಕೆಲಸ ನಿಲ್ಲಿಸದೆ ಇಡೀ ಪ್ಲಾಂಟಿಗೆ ಶೆಡ್ ಕಟ್ಟುವುದು ಎಂದು ತೀರ್ಮಾನವಾಯಿತು.

ಮೀಟಿಂಗಿನಲ್ಲಿ ಚರ್ಚೆಯೆಲ್ಲ ಶೀಟಿನ ರೇಟಿನ ಬಗ್ಗೆಯೇ. ಆದರೆ ಶೆಡ್ಡಿಗೆ ಬಾಗಿಲು ಬೇಕಲ್ವಾ? ಜಲ್ಲಿ ಟಿಪ್ಪರ್, ಕಾಂಕ್ರೀಟ್ ಒಯ್ಯುವ ಟ್ರಾನ್ಸಿಟ್ ಮಿಕ್ಸರ್ ಲಾರಿ ದಿನವಿಡೀ ಓಡಾಡುತ್ತವೆ. ಒಳಗೆ ಎದ್ದ ಧೂಳು ಬಾಗಿಲು ತೆಗೆದ ಕೂಡಲೇ ಆಚೆ ಬರುತ್ತದೆ. ಬರದೆ ಒಳಗೇ ನಿಂತರೆ ನಮ್ಮ ಹುಡುಗರ ಎದೆಗೆ ಹೋಗುತ್ತದೆ. ಮರಳಿನ ಬದಲು ಬಳಸುವ ಎಂ-ಸ್ಯಾಂಡ್ ಅಂದರೆ ಇಲ್ಲಿ ಹೆಚ್ಚಾಗಿ ಪುಡಿ ಮಾಡಿದ ಗ್ರಾನೈಟ್, ಅದರಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು, ಅದು ಗುಣವಾಗುವ ಕಾಯಿಲೆ ಅಲ್ಲ.

ಹಾಗಾಗಿ ಬಾಗಿಲಲ್ಲಿ ಗಾಳಿ ಯಾವಾಗಲೂ ಒಳಮುಖವಾಗಿ ಹರಿಯಬೇಕು. ಲೆಕ್ಕ ಹಾಕಿ ನೋಡಿ. 4 ಮೀಟರ್ ಅಗಲ, 5 ಮೀಟರ್ ಎತ್ತರದ ಬಾಗಿಲೆಂದರೆ 20 ಚದರ ಮೀಟರ್. ಅದರಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಗಾಳಿ ಎಳೆಯಲು ಗಂಟೆಗೆ 36,000 ಘನ ಮೀಟರ್ ಫ್ಯಾನ್ ಬೇಕು. ಅದೂ ಒಂದೇ ಬಾಗಿಲಿಗೆ! ಕರೆಂಟ್ ಬಿಲ್ ನೆನೆಸಿಕೊಂಡು ಅಕೌಂಟ್ಸಿನವರು ಬೆವೆತರು. ಅದರ ಬದಲು ಬೆಲ್ಟಿನಿಂದ ಜಲ್ಲಿ ಬೀಳುವ ಜಾಗಕ್ಕೆ ಬಿಗಿಯಾದ ಹುಡ್ (ಧೂಳನ್ನು ಅಲ್ಲೇ ಎಳೆದುಕೊಳ್ಳುವ ಮುಚ್ಚಳ) ಹಾಕಿ, ಅರ್ಧ ಚದರ ಮೀಟರ್ ಸಂದಿ ಮಾತ್ರ ಬಿಟ್ಟರೆ? ಗಾಳಿಯ ವೇಗ ಎರಡು ಪಟ್ಟು ಇಟ್ಟರೂ ಇದರ ಇಪ್ಪತ್ತನೇ ಒಂದು ಭಾಗ ಸಾಕು.

ಅದಕ್ಕೇ ಮಿಕ್ಸರಿನ ಬಾಯಿ, ಬೆಲ್ಟು, ಜಲ್ಲಿ ತುಂಬುವ ಬಿನ್‌ಗಳಿಗೆ ಮೊದಲು ಹುಡ್ ಹಾಕಿದೆವು. ಶೆಡ್ಡಿನ ಶೀಟು ಕೊನೆಗೆ. ಕಟ್ಟುವ ಕೆಲಸವೆಲ್ಲ ಬ್ಯಾಚಿಂಗ್ (ಕಾಂಕ್ರೀಟ್ ಕಲಸುವುದು) ನಿಂತ ಹೊತ್ತಿನಲ್ಲೇ. ಬೆಲ್ಟಿನ ಸ್ವಿಚ್ಚಿಗೆ ಬೀಗ, ಬೀಗದ ಕೈ ಫಿಟ್ಟರ್ ಜೇಬಿನಲ್ಲಿ. ಬೆಲ್ಟು ರಬ್ಬರ್, ಮೇಲಿಂದ ವೆಲ್ಡಿಂಗ್ ಕಿಡಿ ಬಿದ್ದರೆ ಹತ್ತಿಕೊಳ್ಳುತ್ತದೆ. ಅದಕ್ಕೆ ಚಾವಣಿ ಹೊರುವ ಟ್ರಸ್ಸನ್ನು ಆದಷ್ಟು ಬೋಲ್ಟ್ ಹಾಕಿಯೇ ಜೋಡಿಸಿದೆವು. ಹುಡ್ಡಿನಿಂದ ಧೂಳು ಒಯ್ಯುವ ಡಕ್ಟಿನಲ್ಲಿ ಗಾಳಿ ಸೆಕೆಂಡಿಗೆ 18 ಮೀಟರ್ ಆಸುಪಾಸಿನಲ್ಲಿ ಓಡಬೇಕು. ನಿಧಾನವಾದರೆ ಸಿಮೆಂಟ್ ಅಲ್ಲೇ ಕೂತು, ಮಳೆಗಾಲದ ತೇವಕ್ಕೆ ಕಲ್ಲಾಗುತ್ತದೆ.

ಇಷ್ಟಾದರೂ ಬಿಳಿ ಮೋಡ ಏಳುತ್ತಿದ್ದದ್ದು ಶೆಡ್ಡಿನ ಚಾವಣಿಗಿಂತ ಮೇಲೆ, ಸಿಮೆಂಟ್ ತುಂಬಿಡುವ ಎತ್ತರದ ಸೈಲೋ ತಲೆಯಿಂದ. ಬಲ್ಕರ್, ಅಂದರೆ ಸಿಮೆಂಟ್ ಟ್ಯಾಂಕರ್ ಲಾರಿಯಿಂದ ಸಿಮೆಂಟನ್ನು ಗಾಳಿಯ ಒತ್ತಡದಲ್ಲಿ ಸೈಲೋಗೆ ಏರಿಸುತ್ತಾರೆ. ಡ್ರೈವರಿಗೆ ಬೇಗ ಖಾಲಿ ಮಾಡಿ ಹೊರಡುವ ಅವಸರ. ಒತ್ತಡ ಜಾಸ್ತಿ ಮಾಡುತ್ತಾನೆ. ಆ ಗಾಳಿ ಹೊರಹೋಗುವ ಮೇಲಿನ ಫಿಲ್ಟರ್ ಕಟ್ಟಿಕೊಂಡಿದ್ದರೆ ಸೇಫ್ಟಿ ವಾಲ್ವ್ ತೆರೆದುಕೊಳ್ಳುತ್ತದೆ, ಸಿಮೆಂಟ್ ಸೀದಾ ಆಕಾಶಕ್ಕೆ. ಇಲ್ಲಿ ಶೆಡ್ ಏನು ಮಾಡೀತು? ಸೈಲೋದಲ್ಲಿ ಒತ್ತಡ ಏರಿದರೆ ಹೂಟರ್ ಕೂಗಿ, ತುಂಬುವ ಪೈಪಿನ ವಾಲ್ವ್ ತಾನಾಗಿ ಮುಚ್ಚುವಂತೆ ಮಾಡಿದೆವು. ತೇವಕ್ಕೆ ಫಿಲ್ಟರ್ ಕಟ್ಟಿಕೊಳ್ಳದಿರಲಿ ಎಂದು, ಅದನ್ನು ಜಾಡಿಸುವ ಕಂಪ್ರೆಸರ್ ಗಾಳಿಯಿಂದ ನೀರು ಇಳಿಸುವುದು ಈಗ ಪ್ರತಿ ಶಿಫ್ಟಿನ ಮೊದಲ ಕೆಲಸ. ಇಡೀ ಯೋಜನೆಯಲ್ಲಿ ಕಡಿಮೆ ದುಡ್ಡಿಗೆ ಹೆಚ್ಚು ಫಲ ಕೊಟ್ಟದ್ದು ಇದೇ, ನನ್ನ ಪ್ರಕಾರ.

ಯಾರ್ಡ್ ರಸ್ತೆಯದೂ ಸಣ್ಣ ಪಾಲೇನಲ್ಲ. ಮಿಕ್ಸರ್ ಲಾರಿಯಿಂದ ಚೆಲ್ಲಿದ ಸಿಮೆಂಟ್ ಸ್ಲರಿ ಒಣಗುತ್ತದೆ, ಟೈರು ಪುಡಿ ಮಾಡುತ್ತದೆ. ಕಾಂಕ್ರೀಟ್ ನೆಲ, ಟೈರು ತೊಳೆಯುವ ಗುಂಡಿ, ನೀರು ಹಾಕಿ ಗುಡಿಸುವುದು, ಇಷ್ಟೇ ಮದ್ದು.

ಫ್ಯಾನ್ ಬಂದ ಮೇಲೆ ಸದ್ದಿನ ತಕರಾರು ಶುರುವಾಯಿತು. ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಫ್ಯಾನನ್ನು ಮನೆಗಳಿಲ್ಲದ ಕಡೆಗೆ ಸರಿಸಿ ಸೈಲೆನ್ಸರ್ ಹಾಕಬೇಕಾಯಿತು.

ಗಾಳಿಯ ದಿಕ್ಕು ನೋಡಲು ದುಬಾರಿ ಮೀಟರ್ ಬೇಕಿಲ್ಲ. ಬಾಗಿಲಲ್ಲಿ ಊದುಬತ್ತಿ ಹಚ್ಚಿ ಹಿಡಿದರೆ ಸಾಕು, ಹೊಗೆ ಒಳಗೆ ಬಾಗಬೇಕು. ಆಷಾಢದ ಗಾಳಿ ಪಶ್ಚಿಮದ ಬಾಗಿಲಿನಿಂದ ನುಗ್ಗಿ, ಪೂರ್ವದ ಬಾಗಿಲಲ್ಲಿ ಹೊಗೆಯನ್ನು ಹೊರಗೆ ತಳ್ಳುತ್ತಿತ್ತು. ಅದಕ್ಕೇ ಆ ತಿಂಗಳುಗಳಲ್ಲಿ ಪಶ್ಚಿಮದ ಬಾಗಿಲು ತೆಗೆಯೋದಿಲ್ಲ. ಒಳಗೆ ಹೋದ ಗಾಡಿ ರಿವರ್ಸ್‌ನಲ್ಲೇ ಬರಬೇಕು ಅಂತ ಡ್ರೈವರ್‌ಗಳ ಗೊಣಗಾಟ ಇದ್ದೇ ಇದೆ.